ಉರುಸು: ಮದುವೆಯಿಂದ ಜಾತ್ರೆಗೆ

ಕಲಬುರಗಿ ಕಡೆಯವರು 'ಉರುಸಿಗೆ ಹೋಗಿದ್ವಿ' ಎಂದರೆ ಬಳೆ ಅಂಗಡಿ, ಮಿಠಾಯಿ, ತಿರುಗುವ ತೊಟ್ಟಿಲು, ರಾತ್ರಿಯ ಕವ್ವಾಲಿ ಎಲ್ಲವೂ ಆ ಒಂದೇ ಮಾತಿನಲ್ಲಿ ಬಂತು. ಅರಬ್ಬಿಯ 'ಉರ್ಸ್'ಗೆ ಇಷ್ಟೆಲ್ಲ ಸರಂಜಾಮು ಇಲ್ಲ. ಅಲ್ಲಿ ಅದು ಬರೀ ಮದುವೆ. ಮದುಮಗಳನ್ನು ಹೇಳುವ 'ಅರೂಸ್' ಅದರ ಒಡಹುಟ್ಟು. ಮದುವೆಯ ಮಾತನ್ನು ಸಂತರ ಪುಣ್ಯತಿಥಿಗೆ ತಂದವರು ಸೂಫಿಗಳು: ಸಾವೆಂದರೆ ಜೀವ ತನ್ನ ನಲ್ಲನನ್ನು ಕೂಡುವ ದಿನ. 1273ರಲ್ಲಿ ಕೊನ್ಯಾದಲ್ಲಿ ತೀರಿಕೊಂಡ ರೂಮಿಯ ತಿಥಿಯನ್ನು ತುರ್ಕಿಯಲ್ಲಿ ಇಂದಿಗೂ 'ಶೆಬಿ ಅರೂಸ್', ಅಂದರೆ ಮದುವೆಯ ಇರುಳು ಎಂದೇ ಕರೆಯುತ್ತಾರೆ. ಶರಣಸತಿ-ಲಿಂಗಪತಿ ಭಾವ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾದ್ದೇನಿಲ್ಲ.

ಕನ್ನಡದ ನಾಲಿಗೆ 'ರ್ಸ್' ಎಂಬ ಗಂಟನ್ನು ಬಿಡಿಸಿ, ಕೊನೆಗೊಂದು ಉಕಾರ ಹಚ್ಚಿ 'ಉರುಸು' ಮಾಡಿಕೊಂಡಿತು. ನಮ್ಮಲ್ಲಿ ಉರುಸು ಎಂದೊಡನೆ ನೆನಪಾಗುವವರು ಖಾಜಾ ಬಂದೇನವಾಜ್ ಗೇಸೂದರಾಜರು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ನಸೀರುದ್ದೀನ್ ಚಿರಾಗ್ ದೆಹ್ಲವಿಯವರ ಶಿಷ್ಯರಾದವರು. ತೈಮೂರ್ ದಂಡೆತ್ತಿ ಬರುವ ಹೊತ್ತಿಗೆ, 1398ರಲ್ಲಿ ಊರು ಬಿಟ್ಟರು. ಮನೆಮಠ ಬಿಟ್ಟು ಹೊರಡುವ ವಯಸ್ಸೇ ಅದು? ಎಪ್ಪತ್ತು ದಾಟಿತ್ತು! ಫಿರೋಜ್ ಶಹಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಅವರ ಪಾರಸಿ ಕವಿತೆಗಳ ದಿವಾನದ ಹೆಸರು 'ಅನೀಸುಲ್ ಉಷ್ಷಾಕ್', ಪ್ರೇಮಿಗಳ ಸಂಗಾತಿ. ಅಂಥ ಕವಿಯ ತಿಥಿಗೆ ಮದುವೆ ಎಂಬ ಹೆಸರು ಚೆನ್ನಾಗಿ ಒಪ್ಪುತ್ತದೆ.

ಜಿಲ್ಕಾದ್ ತಿಂಗಳ 15ರಂದು ಮೆಹಬೂಬ್ ಗುಲ್ಶನ್‌ ಉದ್ಯಾನದಿಂದ ಗಂಧದ ಮೆರವಣಿಗೆ ಹೊರಡುತ್ತದೆ. ದರ್ಗಾ ಮುಟ್ಟಿದ ಮೇಲೆ ಗೋರಿಗೆ ಗಂಧಲೇಪನ. ಮರುದಿನ ದೀಪಗಳ ಸರದಿ. ಗಂಧ, ಹೂವಿನ ಚಾದರ, ದೀಪ, ದಿಬ್ಬಣ: ಪದದ ಮೂಲ ಗೊತ್ತಿಲ್ಲದವರ ಕೈಗಳೂ ಮದುವೆಯನ್ನೇ ಮಾಡುತ್ತಿವೆ.

ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಈ ಉರುಸು ಒಮ್ಮೆ ಬೇಸಿಗೆಯಲ್ಲಿ, ಕೆಲವು ವರ್ಷ ಕಳೆದರೆ ಚಳಿಗಾಲದಲ್ಲಿ ಬರುತ್ತದೆ. ಬೀದರಿನ ಅಷ್ಟೂರಿನಲ್ಲಿ ಹಾಗಲ್ಲ. ಅಲ್ಲಿ ಮಲಗಿರುವ ಅಹಮದ್ ಶಹಾ ಬಹಮನಿ ಬಂದೇನವಾಜರ ಭಕ್ತ. ಆತನ ಉರುಸಿಗೆ ಪಂಚಾಂಗ ನೋಡುತ್ತಾರೆ. ಹೋಳಿ ಕಳೆದ ಮೇಲೆಯೇ ಅದು. ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದಿ, ತೆಂಗಿನಕಾಯಿ ಒಡೆಯುತ್ತಾರೆ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು.