ಮೇಣ ಬಂದದ್ದು ಎಲ್ಲಿಂದ? ಮುಲಾಮಿನ ಚರಿತ್ರೆಯಲ್ಲಿ ಒಂದು ತಪ್ಪು ಓದು

ಆಯುರ್ವೇದದ ಔಷಧ ತಯಾರಿಕೆಯ ಶಾಸ್ತ್ರವಾದ ಭೈಷಜ್ಯಕಲ್ಪನೆಯ ಪಠ್ಯಪುಸ್ತಕಗಳಲ್ಲಿ ಒಂದು ಮಾತು ಮುದ್ರಣದಿಂದ ಮುದ್ರಣಕ್ಕೆ ಹಾಗೇ ದಾಟಿಕೊಂಡು ಬಂದಿದೆ: ಮಲಹರ ಕಲ್ಪನೆ ಯುನಾನಿಯದು, ‘ಯೋಗರತ್ನಾಕರ’ ಗ್ರಂಥದ ಹೊತ್ತಿಗೆ ಆಯುರ್ವೇದದೊಳಕ್ಕೆ ಬಂತು. ಪರೀಕ್ಷೆಗೆ ಬಾಯಿಪಾಠ ಮಾಡಲು ಅನುಕೂಲವಾದ ಮಾತು. ಅರಬ್ಬಿಯ ‘ಮರ್ಹಮ್’ ಮಲಹರವಾಗಿ, ನಮ್ಮಲ್ಲಿ ಮುಲಾಮು ಆಯಿತೆಂಬುದಕ್ಕೆ ನನ್ನ ತಕರಾರಿಲ್ಲ. ಹೆಸರು ಹೊರಗಿನದಾದ್ದರಿಂದ ಎಣ್ಣೆಗೆ ಮೇಣ ಬೆರೆಸಿ ಗಟ್ಟಿ ಮಾಡುವ ವಿದ್ಯೆಯೂ ಹೊರಗಿನದೇ ಎಂದು ತೀರ್ಮಾನಿಸುತ್ತಾರಲ್ಲ, ತಕರಾರು ಇರುವುದು ಅಲ್ಲಿ. ನಾನಿರುವ ಬೆಂಗಳೂರಿನ ಸಹಕಾರನಗರದಲ್ಲಿ ಸೂಕ್ಷ್ಮ ಚರ್ಮದವರು ಅಂಗಡಿಯ ಕ್ರೀಮು ಬಿಟ್ಟು ಗರಿಕೆ, ಬೇವು, ಜೇನುಮೇಣ ತಂದು ಮನೆಯಲ್ಲೇ ಮುಲಾಮು ಕಾಯಿಸುತ್ತಾರೆ. ಅವರಿಗೆ ಕಲಿಸುವವರ ಬಾಯಲ್ಲೂ ಇದೇ ಮಾತು ಕೇಳಿದ ಮೇಲೆ ಸುಮ್ಮನಿರುವುದು ಕಷ್ಟವಾಯಿತು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 7ನೇ ಅಧ್ಯಾಯ ಕುಷ್ಠಚಿಕಿತ್ಸೆ. ಅಲ್ಲಿ ಜೀವಂತಿ, ಮಂಜಿಷ್ಠ, ಮರದರಿಶಿನ, ಕಂಪಿಲ್ಲಕ, ಹಾಲು, ಮೈಲುತುತ್ತ ಸೇರಿಸಿ ತುಪ್ಪ ಮತ್ತು ಎಣ್ಣೆಯನ್ನು ಒಟ್ಟಿಗೆ ಪಾಕ ಮಾಡುವ ಒಂದು ಯೋಗವಿದೆ. ತುಪ್ಪ, ಎಣ್ಣೆ ಎರಡೂ ಇರುವುದರಿಂದ ಇದು ಯಮಕ. ಹೇಳಿರುವುದು ಮುಖ್ಯವಾಗಿ ವಿಪಾದಿಕೆಗೆ, ಅಂದರೆ ಕೈಕಾಲಿನ ಒಡಕಿಗೆ. ಇಷ್ಟೇ ಆಗಿದ್ದರೆ ಇದನ್ನು ಔಷಧಿ ಎಣ್ಣೆಗಳ ಸಾಲಿಗೆ ಸೇರಿಸಿ ಮುಂದೆ ಹೋಗಬಹುದಿತ್ತು. ಹೆಚ್ಚಿನವರು ಮಾಡಿರುವುದೂ ಅದನ್ನೇ. ಆದರೆ ಪಾಕ ಸಿದ್ಧವಾದ ಮೇಲೆ ಅದಕ್ಕೆ ಸರ್ಜರಸವನ್ನೂ ಮಧೂಚ್ಛಿಷ್ಟವನ್ನೂ ಸೇರಿಸಬೇಕೆಂದು ಶ್ಲೋಕ ಹೇಳುತ್ತದೆ. ಮೊದಲನೆಯದು ಮರದ ರಾಳ, ಎರಡನೆಯದು ಜೇನುಮೇಣ.

‘ಸಿದ್ಧವಾದ ಮೇಲೆ’ ಎಂಬ ಈ ಅನುಕ್ರಮ ಎಷ್ಟು ಮುಖ್ಯ ಎಂಬುದು ಒಲೆಯ ಮುಂದೆ ನಿಂತವರಿಗೆ ಬೇಗ ಅರ್ಥವಾಗುತ್ತದೆ. ಸೊಪ್ಪಿನ ರಸ, ಕಲ್ಕ, ಹಾಲು ಹಾಕಿದ ಎಣ್ಣೆಯಲ್ಲಿ ನೀರು ಪೂರ್ತಿ ಆರುವ ತನಕ ಪಾಕ ಮುಗಿದಂತಲ್ಲ. ಬತ್ತಿಯನ್ನು ಅದ್ದಿ ಹಚ್ಚಿದರೆ ಚಟಪಟ ಸದ್ದಿಲ್ಲದೆ ಉರಿಯಬೇಕು. ಸದ್ದು ಬಂದರೆ ನೀರು ಉಳಿದಿದೆ, ಇಟ್ಟ ಮುಲಾಮು ಬೂಸ್ಟು ಹಿಡಿಯುತ್ತದೆ. ಮೇಣ ಕರಗುವುದು ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೊದಲೇ ಹಾಕಿದರೆ ಸೋಸುವಾಗ ಚರಟದ ಜೊತೆ ಬಟ್ಟೆಗೆ ಅಂಟಿ ಒಂದಷ್ಟು ಹೋಗುತ್ತದೆ. ಸೋಸಿದ ಬಿಸಿ ಎಣ್ಣೆಗೆ ಕೊನೆಯಲ್ಲಿ ಹಾಕಿದರೆ ಪೂರ್ತಿ ಕರಗಿ, ತಣಿಯುತ್ತಾ ಎಲ್ಲವನ್ನೂ ಗಟ್ಟಿಮಾಡುತ್ತದೆ. ಶ್ಲೋಕ ಬರೆದವನಿಗೆ ಮೇಣ ಬೇಕಾಗಿದ್ದದ್ದು ಅದರ ಗುಣಕ್ಕಷ್ಟೇ ಅಲ್ಲ, ಹದಕ್ಕೂ ಹೌದು ಎಂದು ನಾನು ಓದುತ್ತೇನೆ. ಒಡಕಿನಲ್ಲಿ ಬರೀ ಎಣ್ಣೆ ನಿಲ್ಲುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ಮೇಣದ ಪ್ರಮಾಣ ಹೇಳಿಲ್ಲ, ಆದ್ದರಿಂದ ಅದು ಗಟ್ಟಿಯಾಗುತ್ತಿತ್ತು ಎನ್ನಲು ಆಧಾರವಿಲ್ಲ ಎಂಬುದು ಒಂದು. ಆ ಶ್ಲೋಕದಲ್ಲಿ ತುಪ್ಪಕ್ಕೂ ಎಣ್ಣೆಗೂ ಅಳತೆಯಿಲ್ಲ. ಹಾಗೆಂದು ಪಾತ್ರೆಯಲ್ಲಿ ಅವು ಇರಲಿಲ್ಲ ಎಂದು ಯಾರೂ ವಾದಿಸಿಲ್ಲ. (ಇಂದಿನ ಸಿಕ್ಥತೈಲದಷ್ಟೇ, ಅಂದರೆ ಒಂದು ಪಾಲು ಮೇಣಕ್ಕೆ ಐದಾರು ಪಾಲು ಎಣ್ಣೆಯಷ್ಟು, ಗಟ್ಟಿಯಿತ್ತು ಎಂದು ನಾನೂ ಹೇಳುವುದಿಲ್ಲ.) ಇದು ಒಂದೇ ಒಂದು ಉದಾಹರಣೆ ಎಂಬುದು ಇನ್ನೊಂದು ಆಕ್ಷೇಪ. ಹಾಗೆನ್ನುವವರು ಸುಶ್ರುತದ ಸೂತ್ರಸ್ಥಾನದ 12ನೇ ಅಧ್ಯಾಯ ತೆರೆದಂತಿಲ್ಲ. ಸುಟ್ಟಗಾಯಕ್ಕೆ ಹೇಳಿದ ತುಪ್ಪದಲ್ಲಿ ಮೊದಲು ಬರುವ ದ್ರವ್ಯವೇ ಮಧೂಚ್ಛಿಷ್ಟ; ಅತಿಮಧುರ, ಲೋಧ್ರ, ಸರ್ಜರಸ, ಮಂಜಿಷ್ಠ, ಚಂದನ, ಮೂರ್ವೆ ಆಮೇಲೆ. ಅಲ್ಲಿ ಮೇಣ ಪಾಕದೊಳಗೇ ಬೇಯುತ್ತದೆ, ಚರಕದಲ್ಲಿ ಪಾಕದ ನಂತರ ಸೇರುತ್ತದೆ. ಮೇಣ ಬಳಸುವ ಎರಡು ಬೇರೆ ಬೇರೆ ಕ್ರಮಗಳು ಇದ್ದವೆಂದ ಮೇಲೆ ವಿದ್ಯೆ ನೆನ್ನೆ ಮೊನ್ನೆಯದಲ್ಲ.

ಇಷ್ಟು ಹೇಳಿದ ಕೂಡಲೇ ‘ಎಲ್ಲವೂ ನಮ್ಮದೇ’ ಎನ್ನುವ ಬಳಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲು ಬರುತ್ತದೆ. ಅವರ ಸಹವಾಸ ನನಗೆ ಬೇಡ. ಮೇಣ, ಎಣ್ಣೆಗಳ ‘ಕೈರೂತಿ’ ಗ್ರೀಕರಿಂದ ಯುನಾನಿಗೆ ಬಂದ ಸ್ವತಂತ್ರ ಪರಂಪರೆ. ಮರ್ಹಮ್‌ಗಳನ್ನು ಒಂದು ವರ್ಗವಾಗಿ ವಿಂಗಡಿಸಿಟ್ಟ ಹಕೀಮರ ಶಿಸ್ತಿನ ಋಣ ನಮ್ಮ ಮಲಹರ ಪ್ರಕರಣದ ಮೇಲಿದೆ. ಮಾಗಡಿ ರಸ್ತೆಯಲ್ಲೇ ರಾಷ್ಟ್ರೀಯ ಯುನಾನಿ ಸಂಸ್ಥೆ ಇರುವ ಊರಿನಲ್ಲಿ ಕೂತು ಅದನ್ನು ಅಲ್ಲಗಳೆಯುವುದು ಹಟವಾದೀತು. ಇನ್ನು, ಚರಕದ ಯೋಗವನ್ನು ಹಾಗೇ ಇಳಿಸಿಕೊಂಡು ಸೂಕ್ಷ್ಮ ಚರ್ಮಕ್ಕೆ ಹಚ್ಚುವುದಂತೂ ಕೂಡದು: ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು, ದ್ರಾಕ್ಷಿ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ, ಚರ್ಮ ಉರಿಯುತ್ತದೆ.

ಮೇಣದ ಜಗಳದಲ್ಲಿ ಎರಡೂ ಪಕ್ಷ ಮರೆತದ್ದು ನಮ್ಮ ಮುರುಗಲ ತುಪ್ಪವನ್ನು. ಉತ್ತರ ಕನ್ನಡದಲ್ಲಿ ಮುರುಗಲ ಬೀಜ ಒಣಗಿಸಿ, ಸಿಪ್ಪೆ ತೆಗೆದು, ತಿರುಳು ಕುಟ್ಟಿ ನೀರಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ ಕೊಬ್ಬನ್ನು ತೆಗೆದಿಟ್ಟರೆ ಬೆಳ್ಳಗೆ ಗಟ್ಟಿ ಉಂಡೆಯಾಗುತ್ತದೆ. ಚಳಿಗಾಲದಲ್ಲಿ ಹಿಮ್ಮಡಿ, ತುಟಿ ಒಡೆದರೆ ಅದನ್ನೇ ತಿಕ್ಕುತ್ತಾರೆ. ಕರಗುವ ಬಿಂದು ಸುಮಾರು 40 ಡಿಗ್ರಿ. ಡಬ್ಬಿಯಲ್ಲಿ ಗಟ್ಟಿ, ಉಜ್ಜಿದ ಕಡೆ ಮೆತ್ತಗೆ. ಇದಕ್ಕೆ ಮೇಣ ಏಕೆ? 1868ರ ‘ಭಾರತದ ಫಾರ್ಮಕೋಪಿಯಾ’ದಲ್ಲೂ ಇದಕ್ಕೆ ಜಾಗ ಸಿಕ್ಕಿತ್ತು. ಎಳ್ಳೆಣ್ಣೆ, ಹರಳೆಣ್ಣೆ, ಹೊಂಗೆಯೆಣ್ಣೆಗಳ ಬಯಲುಸೀಮೆಗೆ ಮೇಣ ಬೇಕಾಯಿತು, ಘಟ್ಟದವರಿಗೆ ಮರವೇ ಗಟ್ಟಿ ಕೊಬ್ಬು ಕೊಟ್ಟಿತು ಎಂಬುದು ನನ್ನ ಊಹೆ. ಮೇಣವನ್ನು ಹುಡುಕಿ ಮುಲಾಮಿನ ಚರಿತ್ರೆ ಬರೆಯಹೊರಟವರಿಗೆ ಈ ಉಂಡೆ ಕಣ್ಣಿಗೆ ಬೀಳದಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಪಠ್ಯಪುಸ್ತಕದ ಸಂಪಾದಕರು ಮುಂದಿನ ಮುದ್ರಣದಲ್ಲಿ ಆ ಸಾಲನ್ನು ತಿದ್ದಲಿ: ಹೆಸರು ಮತ್ತು ವರ್ಗೀಕರಣ ಯುನಾನಿಯದು, ಮೇಣದ ಬಳಕೆ ಅದಕ್ಕಿಂತ ಹಿಂದಿನದು. ಔಷಧೀಯ ಸಸ್ಯಗಳ ಸಂಶೋಧನೆ ನಡೆಸುವ ಅಳ್ಳಾಲಸಂದ್ರದ ಸೀಮ್ಯಾಪ್ ಕೇಂದ್ರ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ನನ್ನ ಮನೆಗೆ ಹತ್ತಿರದವು. ಅಲ್ಲಿನ ಯುವ ಸಂಶೋಧಕರು ಶಿರಸಿ, ಸಿದ್ದಾಪುರದ ಅಜ್ಜಿಯರು ಮುರುಗಲ ತುಪ್ಪ ಕಾಯಿಸುವ ಕ್ರಮವನ್ನು ಅಳತೆ ಸಮೇತ ಬರೆದಿಟ್ಟುಕೊಳ್ಳಬೇಕು.