‘ಹೊರಟೆ’ ಎಂದರೆ ಹೊರಟಾಯಿತೇ?

ಬಂಟ್ವಾಳದ ಕಡೆ ಬಸ್ಸು ಹತ್ತಿದವರಿಗೆ ಕಂಡಕ್ಟರನ ‘ರೈಟ್ ಪೋಯಿ’ ಹೊಸತಲ್ಲ. ಆ ಕೂಗು ಕಿವಿಗೆ ಬಿದ್ದರೆ ಸಾಕು, ಚಾಲಕ ಹಿಂತಿರುಗಿ ನೋಡದೆ ಗೇರು ಹಾಕುತ್ತಾನೆ. ಬಾಗಿಲಲ್ಲಿ ನೇತಾಡುವ ಪ್ರಯಾಣಿಕನೊಬ್ಬ ತಾನೇ ‘ರೈಟ್’ ಎಂದುಬಿಟ್ಟರೆ? ಹತ್ತುತ್ತಿರುವ ಅಜ್ಜಿಯ ಒಂದು ಕಾಲು ಇನ್ನೂ ನೆಲದ ಮೇಲೆಯೇ ಇರುತ್ತದೆ.

ಬೆಳ್ತಂಗಡಿ, ಮೂಡುಬಿದಿರೆಗಳಿಂದ ಬಜ್ಪೆಗೆ ಹೋಗಿ ಗಲ್ಫ್ ವಿಮಾನ ಹತ್ತುವವರು, ರನ್‌ವೇ ತುದಿಯಲ್ಲಿ ವಿಮಾನ ಸುಮ್ಮನೆ ನಿಂತುಬಿಡುವುದನ್ನು ಕಂಡಿರುತ್ತಾರೆ. ಪೈಲಟ್ ಆಗ ಕಾಯುತ್ತಿರುವುದು ನಿಯಂತ್ರಣ ಗೋಪುರದ ‘ರೈಟ್’ಗೆ. ಆದರೆ ಆಕಾಶಕ್ಕೇರಲು ಬೇಕಾದ ಅನುಮತಿ ಒಂದಲ್ಲ, ಎರಡು. ಯಾವ ಮಾರ್ಗ, ಎಷ್ಟು ಎತ್ತರ, ಎತ್ತ ತಿರುಗಬೇಕು ಎಂದು ತಿಳಿಸುವುದು ದಾರಿಯ ಅನುಮತಿ. ‘ಈಗ ಏರು’ ಎನ್ನುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕ್ಲಿಯರ್ಡ್’ ಎಂಬ ಮಾತೇ ಬಳಕೆ. ವಿಮಾನಯಾನದ ಇತಿಹಾಸದ ಅತಿ ದೊಡ್ಡ ದುರಂತದಲ್ಲಿ ಈ ಗೊಂದಲಕ್ಕೂ ಪಾಲಿತ್ತು.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫ್. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಇಲ್ಲಿ ಬಂದಿಳಿದಿದ್ದವು. ಇದ್ದದ್ದು ಒಂದೇ ರನ್‌ವೇ. ಮೇಲೆ ದಟ್ಟ ಮಂಜು. ನೆಲದ ಮೇಲಿನ ವಿಮಾನ ತೋರಿಸುವ ರೇಡಾರ್ ಇರಲಿಲ್ಲ. ಡಚ್ಚರ ಕೆಎಲ್‌ಎಂ ಜಂಬೋ ರನ್‌ವೇ ತುದಿಯಲ್ಲಿ ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಜಂಬೋ ಅದೇ ರನ್‌ವೇ ಮೇಲೆ ಎದುರಿನಿಂದ ನಿಧಾನವಾಗಿ ಬರುತ್ತಿತ್ತು.

ಗೋಪುರ ಡಚ್ ವಿಮಾನಕ್ಕೆ ಕೊಟ್ಟದ್ದು ದಾರಿಯ ಅನುಮತಿ ಮಾತ್ರ. ಆದರೆ ‘ಟೇಕ್ ಆಫ್ ಆದಮೇಲೆ ಬಲಕ್ಕೆ ತಿರುಗಿ’ ಎಂಬಲ್ಲಿ ಆ ಶಬ್ದ ನುಸುಳಿತ್ತು. ಸಹ ಪೈಲಟ್ ಅದನ್ನು ತಿರುಗಿ ಹೇಳಿ ಮುಗಿಸುವ ಮೊದಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟಾಗಿತ್ತು. ಸಹ ಪೈಲಟ್ ಕೊನೆಗೆ ‘ವಿ ಆರ್ ನೌ ಅಟ್ ಟೇಕ್ ಆಫ್’ ಎಂದ. ಗೋಪುರಕ್ಕೆ ಅದು ‘ಸಿದ್ಧವಾಗಿ ನಿಂತಿದ್ದೇವೆ’ ಎಂದು ಕೇಳಿಸಿತು. ಆತ ಹೇಳಿದ್ದು ‘ಓಡುತ್ತಿದ್ದೇವೆ’ ಎಂದಿರಬೇಕು. ಕನ್ನಡಿಗರಿಗೆ ಇದು ಬೇಗ ಅರ್ಥವಾದೀತು. ಅಂಗಿಯ ಗುಂಡಿ ಹಾಕುತ್ತಿರುವವನೂ ‘ಇಗೋ, ಹೊರಟೆ’ ಎನ್ನುತ್ತಾನೆ. ಗೇಟು ದಾಟಿದವನೂ ‘ಹೊರಟೆ’ ಎನ್ನುತ್ತಾನೆ.

ಗೋಪುರ ‘ಓಕೆ’ ಎಂದಿತು. ಕ್ಷಣ ಬಿಟ್ಟು ‘ಟೇಕ್ ಆಫ್‌ಗೆ ಕಾಯಿರಿ, ಕರೆಯುತ್ತೇನೆ’ ಎಂದಿತು. ಅದೇ ಗಳಿಗೆಯಲ್ಲಿ ಪ್ಯಾನ್ ಆಮ್ ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ಕೂಗಿತು. ಒಂದೇ ತರಂಗದಲ್ಲಿ ಎರಡು ದನಿ ಬೆರೆತು ಡಚ್ಚರಿಗೆ ‘ಓಕೆ’ಯ ನಂತರ ಕೇಳಿಸಿದ್ದು ಕರ್ಕಶ ಕೀರಲು ಮಾತ್ರ. ‘ಆ ವಿಮಾನ ಇನ್ನೂ ಹೊರಬಿದ್ದಿಲ್ಲವೇ?’ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದನ್ನು ಕ್ಯಾಪ್ಟನ್ ತಳ್ಳಿಹಾಕಿದ. ಸತ್ತವರು 583 ಮಂದಿ. ಬದುಕಿದ 61 ಮಂದಿಯೂ ಪ್ಯಾನ್ ಆಮ್‌ನವರು.

ಸ್ಪೇನಿನ ತನಿಖೆ ಡಚ್ ಕ್ಯಾಪ್ಟನನನ್ನು ಹೊಣೆಯಾಗಿಸಿತು. ಡಚ್ಚರು ತಪ್ಪು ಎರಡೂ ಕಡೆಯದೆಂದರು. ಅವಸರಪಟ್ಟದ್ದು ಕ್ಯಾಪ್ಟನನೇ, ಸಂಶಯವಿಲ್ಲ. ಆದರೆ ಹಿರಿಯನ ಮಾತಿಗೆ ಮರುಮಾತಾಡಲು ಹಿಂಜರಿಯುವ ಅಭ್ಯಾಸ ಇಲ್ಲದಿದ್ದರೆ ಎಂಜಿನಿಯರನ ಆ ಒಂದು ಪ್ರಶ್ನೆಯೇ ಸಾಕಾಗುತ್ತಿತ್ತೇನೋ. ಬಜ್ಪೆಯ 2010ರ ದುರಂತ ಇಳಿಯುವಾಗ ಆದದ್ದು, ಬಗೆಯೇ ಬೇರೆ. ಅಲ್ಲಿಯೂ ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದ.

ಟೆನೆರಿಫ್ ನಂತರ ನಿಯಮ ಬಿಗಿಯಾಯಿತು. ‘ಟೇಕ್ ಆಫ್’ ಎಂಬ ಶಬ್ದವನ್ನು ಏರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಗೋಪುರ ಬಳಸಬೇಕು. ಉಳಿದೆಡೆ ‘ಡಿಪಾರ್ಚರ್’. ಪೈಲಟ್ ಬರೀ ‘ಓಕೆ’ ಎಂದರೆ ಸಾಲದು, ಅನುಮತಿಯನ್ನು ಪೂರ್ತಿ ತಿರುಗಿ ಹೇಳಬೇಕು.

ಆದರೂ ಮಾತು ತಪ್ಪುವುದು ನಿಂತಿಲ್ಲ. 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ದಕ್ಷಿಣದ ರನ್‌ವೇ ಮುಚ್ಚಿ ಉತ್ತರದ್ದನ್ನಷ್ಟೇ ಬಳಸುವುದೆಂದು ತೀರ್ಮಾನವಾಯಿತು. ದಕ್ಷಿಣದ ನಿಯಂತ್ರಕರಿಗೆ ಅದನ್ನು ಯಾರೂ ಹೇಳಲಿಲ್ಲ. ಅವರು ಭುವನೇಶ್ವರದ ವಿಮಾನಕ್ಕೆ ‘ಏರು’ ಎಂದರು, ಉತ್ತರದವರು ಕೋಲ್ಕತ್ತದ ವಿಮಾನಕ್ಕೆ. ಇಲ್ಲಿ ಪೈಲಟ್‌ಗಳದ್ದೇನೂ ತಪ್ಪಿರಲಿಲ್ಲ. ಕಂಡಕ್ಟರುಗಳು ಇಬ್ಬರಾಗಿದ್ದರು, ಅಷ್ಟೇ. ಒಂದೇ ದಿಕ್ಕಿಗೆ ಏರಿದ ಎರಡು ವಿಮಾನಗಳು ಹತ್ತಿರವಾಗತೊಡಗಿದವು. ರೇಡಾರ್ ನಿಯಂತ್ರಕರು ಅದನ್ನು ಕಂಡು ಇಬ್ಬರನ್ನೂ ಬೇರೆ ಬೇರೆ ಕಡೆಗೆ ತಿರುಗಿಸಿದರು. ಸಿಬ್ಬಂದಿಯೂ ಸೇರಿ ಒಳಗಿದ್ದವರು 426 ಮಂದಿ.

ಘಟನೆ ದಿನಚರಿ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಬಂದದ್ದು ಹತ್ತು ದಿನ ಕಳೆದ ಮೇಲೆ.