ಸಂಬಳದ ದಿನದ ದಾನ

ಕಚೇರಿಯಲ್ಲಿ ಕೈಯಿಂದ ಕೈಗೆ ದಾಟುತ್ತ ಬರುವ ವಂತಿಗೆಯ ಪಟ್ಟಿಯನ್ನು ಕಾಣದ ನೌಕರನಿಲ್ಲ. ಪಟ್ಟಿಯ ತಲೆಯಲ್ಲಿ ಸಾಹೇಬರ ಹೆಸರು, ಅದರ ಮುಂದೆ ಒಂದು ದೊಡ್ಡ ಮೊತ್ತ. ಅದರ ಕೆಳಗೆ ಹೆಡ್‌ಗುಮಾಸ್ತರದು, ಸ್ವಲ್ಪ ಕಡಮೆ. ಹೀಗೆ ಮೆಟ್ಟಿಲಿಳಿದು ಬಂದ ಪಟ್ಟಿ ಜವಾನನ ಮುಂದೆ ನಿಲ್ಲುವಾಗ, ಅವನು ಕೊಡಬೇಕಾದುದೆಷ್ಟೆಂಬುದು ಅವನು ಲೇಖನಿ ಹಿಡಿಯುವ ಮೊದಲೇ ಗೊತ್ತಾಗಿ ಹೋಗಿರುತ್ತದೆ. ನಮ್ಮ ನುಡಿ ಈ ವಿಷಯದಲ್ಲಿ ಎಚ್ಚರದ್ದು. ದಾನವೆಂಬ ಮಾತೊಂದು, ವಂತಿಗೆಯೆಂಬ ಮಾತು ಇನ್ನೊಂದು. ವಂತು ಎಂದರೆ ಪಾಲು. ತನ್ನ ಪಾಲಿಗೆ ಬಂದುದನ್ನು ತೆರುವುದು ವಂತಿಗೆ. ದಾನಕ್ಕೆ ಕೊಡುವವನ ಮನಸ್ಸು ಮೂಲವಾದರೆ ವಂತಿಗೆಗೆ ಕೇಳುವವನ ಲೆಕ್ಕ ಮೂಲ.

ಸರ್ಕಾರಿ ಕಚೇರಿಯೊಳಗೆ ದಾನವು ವಂತಿಗೆಯಾಗಿ ಬಿಡದಂತೆ ತಡೆಯುವುದು ಹೇಗೆ? ಈ ಪ್ರಶ್ನೆಯೊಡನೆ ಬಹುಕಾಲ ಹೆಣಗಿದ ದೇಶ ಅಮೆರಿಕದ ಸಂಯುಕ್ತ ಸಂಸ್ಥಾನ. ಅಲ್ಲಿನ ಒಕ್ಕೂಟ ಸರ್ಕಾರದ ನೌಕರರ ನಿಧಿಸಂಗ್ರಹಕ್ಕೆ ಕಂಬೈನ್ಡ್ ಫೆಡರಲ್ ಕ್ಯಾಂಪೇನ್ ಎಂದು ಹೆಸರು. ಅದರ ಕಥೆ ಹಣದ ಕಥೆಯೆಂದು ಮೇಲುನೋಟಕ್ಕೆ ತೋರಿದರೂ, ‘ಒಲ್ಲೆ’ ಎನ್ನುವ ಸಣ್ಣ ನೌಕರನ ಕಥೆಯೆಂದು ನಾನು ಓದಿಕೊಂಡಿದ್ದೇನೆ.

1957ಕ್ಕೆ ಮೊದಲು ಅಲ್ಲಿ ಕಟ್ಟುಪಾಡೆಂಬುದಿರಲಿಲ್ಲ. ಹತ್ತಾರು ಧರ್ಮಸಂಸ್ಥೆಗಳು ಅಧಿಕಾರಿಗಳ ಬಾಗಿಲಿಗೆ ಬರುತ್ತಿದ್ದುವು. ಪ್ರವೇಶವಿತ್ತ ಕಚೇರಿಗಳಲ್ಲಿ ವಾರಕ್ಕೊಂದು ನಿಧಿಸಂಗ್ರಹ ನಡೆಯುವುದು ಸಾಮಾನ್ಯವಾಗಿತ್ತು. ಈ ವಾರ ಹೃದ್ರೋಗಿಗಳಿಗೆ, ಮುಂದಿನ ವಾರ ಅನಾಥರಿಗೆ. ಇಷ್ಟು ಕೇಳಿದರೂ ಕೂಡಿದ್ದು ಬಹಳವೇನಲ್ಲ. ಎಷ್ಟೋ ನೌಕರರು ಜೇಬಿನ ಚಿಲ್ಲರೆಯನ್ನು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಕೊಡುವವನಿಗೆ ಬೇಸರ, ಪಡೆಯುವವನಿಗೆ ಅತೃಪ್ತಿ. ಅದಕ್ಕಿಂತ ಕೆಟ್ಟುದೆಂದರೆ, ಮೇಲಧಿಕಾರಿಗಳು ಒಬ್ಬೊಬ್ಬನಿಗೂ ಇಷ್ಟೆಂದು ‘ನ್ಯಾಯವಾದ ಪಾಲು’ ಕಟ್ಟುತ್ತಿದ್ದರು. ಇಂಗ್ಲಿಷಿನಲ್ಲಿ ‘ಫೇರ್ ಷೇರ್’ ಎಂದು ಕರೆದದ್ದು ನಮ್ಮ ವಂತಿಗೆಯೇ. ಸಮುದ್ರದಾಚೆಯ ಗುಮಾಸ್ತನಿಗೂ ನಮ್ಮ ಗುಮಾಸ್ತನಿಗೂ ಈ ವಿಚಾರದಲ್ಲಿ ಅಂತರವೇನೂ ಇರಲಿಲ್ಲ.

ಅಧ್ಯಕ್ಷ ಐಸೆನ್‌ಹೋವರ್ ಅವರು 1957ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆಜ್ಞೆಯು ಇದಕ್ಕೆ ಮೊದಲ ಕಡಿವಾಣ ಹಾಕಿತು. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಸಂಗ್ರಹಗಳು ಕೂಡದು. ಒಳಗೆ ಬರಬೇಕಾದ ಸಂಸ್ಥೆಗೆ ಮೊದಲು ಒಂದು ಸಮಿತಿಯ ಒಪ್ಪಿಗೆ ಬೇಕು. ಕೊಡುವುದು ನಿಜವಾಗಿಯೂ ಸ್ವಂತ ಇಚ್ಛೆಯಿಂದ ಆಗಬೇಕು. 1961ರಲ್ಲಿ ಅಧ್ಯಕ್ಷ ಕೆನೆಡಿ ಅವರು ಆ ಸಮಿತಿಯನ್ನು ತೆಗೆದು ಹೊಣೆಯನ್ನು ಸಿವಿಲ್ ಸರ್ವಿಸ್ ಕಮಿಷನ್ನಿನ ಅಧ್ಯಕ್ಷರಿಗೆ ವಹಿಸಿದರು. 1964ರಲ್ಲಿ ಮೂರನ್ನೂ ಒಂದಾಗಿಸಿ ಆರು ನಗರಗಳಲ್ಲಿ ಪ್ರಯೋಗ ನಡೆಯಿತು. ಫಲ ಆಶ್ಚರ್ಯಕರವಾಗಿತ್ತು. ಕೇಳುವುದನ್ನು ಕಡಮೆ ಮಾಡಿದೊಡನೆ ಕೊಡುವುದು ಹೆಚ್ಚಿತು! ಏರಿಕೆ ಶೇಕಡಾ 20ರಿಂದ 125ರ ವರೆಗೆ. 1971ರಲ್ಲಿ ಅಧ್ಯಕ್ಷ ನಿಕ್ಸನ್ ಅವರು ಇದನ್ನೇ ದೇಶದ ಎಲ್ಲ ಒಕ್ಕೂಟ ಕಚೇರಿಗಳ ಏಕರೀತಿಯ ಪದ್ಧತಿಯೆಂದು ಸಾರಿದರು.

ಈ ಯಶಸ್ಸಿನ ಒಳಗುಟ್ಟು ಸಂಬಳದ ಬಟವಾಡೆಯಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೆಲಸಗಾರರು ಯುದ್ಧಸಾಲದ ಪತ್ರಗಳನ್ನು ಸಂಬಳದಲ್ಲಿ ಮುರಿಸಿಕೊಂಡೇ ಕೊಂಡಿದ್ದರು; 1943ರ ಶಾಸನದಿಂದ ವರಮಾನ ತೆರಿಗೆಯೂ ಹಾಗೆಯೇ ಮುರಿಯತೊಡಗಿತು. ಕೈಗೆ ಬಾರದ ಹಣಕ್ಕೆ ಮನಸ್ಸು ಮರುಗುವುದು ಕಡಮೆ. ಒಮ್ಮೆಗೆ ಇಪ್ಪತ್ತು ಡಾಲರು ಎಣಿಸಿ ಕೊಡಲು ಹಿಂಜರಿಯುವವನು ಬಟವಾಡೆಗೊಂದು ಡಾಲರಿಗೆ ಸುಲಭವಾಗಿ ರುಜು ಹಾಕುತ್ತಾನೆ.

ಹೀಗೆ ನಿಧಿಗೆ ಸೇರಿಕೊಂಡ ಸಂಸ್ಥೆಗಳಲ್ಲಿ ‘ಕೇರ್’ ಕೂಡ ಒಂದು. ಈ ಹೆಸರನ್ನು ಕೇಳಿದೊಡನೆ ನನ್ನ ಪ್ರಾಯದವರ ಮೂಗಿಗೆ ಶಾಲೆಯ ಉಪ್ಪಿಟ್ಟಿನ ವಾಸನೆ ಬರುತ್ತದೆ. ಆ ಗೋಧಿ ಅಮೆರಿಕದ ಸರ್ಕಾರದ ಹೆಚ್ಚುವರಿ ದಾಸ್ತಾನಿನದು; ನೌಕರರ ಡಾಲರುಗಳದಲ್ಲ. ಆದರೂ ಅದನ್ನು ಹಡಗಿನಿಂದಿಳಿಸಿ ಹಳ್ಳಿಯ ಶಾಲೆಗೆ ಮುಟ್ಟಿಸುತ್ತಿದ್ದ ಸಂಸ್ಥೆಯೊಂದು ದೂರದ ಗುಮಾಸ್ತರ ಚೀಟಿಗಳನ್ನೂ ನೆಚ್ಚಿತ್ತೆಂಬುದು ನೆನೆಯತಕ್ಕ ಮಾತು.

ಇನ್ನು ‘ಒಲ್ಲೆ’ ಎಂಬ ಮಾತಿಗೆ ಬರೋಣ. ಈ ಸಂಗ್ರಹದಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಕೇಳುತ್ತಿದ್ದವರು ಸಹೋದ್ಯೋಗಿಗಳೇ. ಕೇಳುವವನು ಗೆಳೆಯನಾದರೆ ಬಾಧಕವಿಲ್ಲ. ನನ್ನ ಬಡ್ತಿಯ ಕಾಗದಕ್ಕೆ ರುಜು ಹಾಕುವವನೇ ಕೇಳಲು ಬಂದರೆ? ಅದಕ್ಕಾಗಿ ಅಲ್ಲಿನ ನಿಯಮಾವಳಿಯು ಕಚೇರಿಯ ಜೀವನವನ್ನು ಬಲ್ಲವರು ಬರೆದಂತೆ ಸೂಕ್ಷ್ಮವಾಗಿ ಬೆಳೆಯಿತು. ಮೇಲಧಿಕಾರಿ ತನ್ನ ಕೈಕೆಳಗಿನವನನ್ನು ತಾನೇ ಕೇಳಕೂಡದು. ಕೊಟ್ಟೆಯಾ ಇಲ್ಲವೇ ಎಂದು ವಿಚಾರಿಸಲೂ ಕೂಡದು. ನಮ್ಮ ಕಚೇರಿಯಲ್ಲಿ ನೂರಕ್ಕೆ ನೂರು ಮಂದಿಯೂ ಕೊಡಬೇಕೆಂಬ ಗುರಿ ಇಡಕೂಡದು. ಒಬ್ಬೊಬ್ಬನಿಗೆ ಇಂತಿಷ್ಟೆಂದು ಗೊತ್ತುಮಾಡಕೂಡದು. ಕೊಡದವರ ಪಟ್ಟಿಯನ್ನಂತೂ ತಯಾರಿಸಲೇಬಾರದು. ಬೇಕಾದವನು ತನ್ನ ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕೊಡಬಹುದು. ನೂರಕ್ಕೆ ನೂರು ಎಂಬ ಗುರಿಯನ್ನು ನಿಷೇಧಿಸಿದುದನ್ನು ನಾನು ಎಲ್ಲಕ್ಕಿಂತ ಮೆಚ್ಚುತ್ತೇನೆ. ತೊಂಬತ್ತೊಂಬತ್ತು ಮಂದಿ ಕೊಟ್ಟ ಮೇಲೆ ಉಳಿದ ಒಬ್ಬನು ಯಾರೆಂಬುದು ಯಾವ ಲಕೋಟೆಯೊಳಗೂ ಅಡಗುವುದಿಲ್ಲ.

ಈ ತೊಡಕು ನಮ್ಮ ನೆರೆಯಲ್ಲಿಯೂ ತಲೆದೋರಿದುದುಂಟು. 2018ರ ಆಗಸ್ಟ್ ತಿಂಗಳಲ್ಲಿ ಕೇರಳವು ಮಹಾಪ್ರವಾಹಕ್ಕೆ ತುತ್ತಾಯಿತು. ರಾಜ್ಯ ಸರ್ಕಾರವು ನೌಕರರಿಂದ ಒಂದು ತಿಂಗಳ ಸಂಬಳವನ್ನು ಕೇಳಿತು. ಹತ್ತು ಕಂತುಗಳಲ್ಲಿ ಕೊಡುವ ಅನುಕೂಲವೂ ಇತ್ತು. ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಕೊಡಲೊಲ್ಲದವನು ‘ನಾನು ಕೊಡಲೊಲ್ಲೆ’ ಎಂದು ಬರೆದು ಒಪ್ಪಿಸಬೇಕೆಂಬ ವಿಧಿಯೊಂದು ಆಜ್ಞೆಯಲ್ಲಿತ್ತು. ಕೇರಳದ ಉಚ್ಚ ನ್ಯಾಯಾಲಯವು ಆ ವಿಧಿಯನ್ನು ತಡೆಯಿತು. ಸರ್ಕಾರದ ಮೇಲ್ಮನವಿಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೊಡಲಾರದವನು ತನ್ನನ್ನು ತಾನು ಅವಮಾನಕ್ಕೊಡ್ಡಿಕೊಳ್ಳಬೇಕಾದುದೇಕೆ ಎಂಬುದೇ ನ್ಯಾಯಪೀಠದ ಆಕ್ಷೇಪದ ತಿರುಳು. ಮಗಳ ಮದುವೆಯ ಸಾಲ, ತಾಯಿಯ ಆಸ್ಪತ್ರೆಯ ಖರ್ಚು ಇವನ್ನೆಲ್ಲ ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲವಷ್ಟೆ.

ಅಮೆರಿಕದಲ್ಲಿ ನ್ಯಾಯಾಲಯವನ್ನೇರಿದುದು ಬೇರೊಂದು ಪ್ರಶ್ನೆ: ಯಾರಿಗೆ ಕೊಡಬಹುದು? ಸಂಗ್ರಹದ ಕೈಪಿಡಿಯಲ್ಲಿ ಒಂದೊಂದು ಸಂಸ್ಥೆಗೂ ತನ್ನ ಪರಿಚಯ ಹೇಳಿಕೊಳ್ಳಲು ದೊರೆಯುತ್ತಿದ್ದುದು ಮೂವತ್ತು ಮಾತು ಮಾತ್ರ. ಆ ಮೂವತ್ತು ಮಾತುಗಳಿಗಾಗಿ ನಡೆದ ಹೋರಾಟ ಸಣ್ಣದಲ್ಲ. 1983ರಲ್ಲಿ ಅಧ್ಯಕ್ಷ ರೇಗನ್ ಅವರ ಆಜ್ಞೆಯು, ಮೊಕದ್ದಮೆ ನಡೆಸುವ ಮತ್ತು ರಾಜಕೀಯ ವಾದ ಹೂಡುವ ಸಂಸ್ಥೆಗಳನ್ನು ಹೊರಗಿಟ್ಟಿತು. ಕರಿಯರ ಹಕ್ಕುಗಳಿಗಾಗಿ ನ್ಯಾಯಾಲಯಗಳಲ್ಲಿ ಹೋರಾಡುತ್ತ ಬಂದಿದ್ದ ಎನ್.ಎ.ಎ.ಸಿ.ಪಿ. ಕಾನೂನು ರಕ್ಷಣಾ ನಿಧಿಯು ಇದನ್ನು ಪ್ರಶ್ನಿಸಿತು. 1985ರ ಜುಲೈ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರರ ಬಹುಮತದಿಂದ ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಕಚೇರಿ ಕೆಲಸದ ಜಾಗ, ಸಾರ್ವಜನಿಕ ಸಭೆಯ ಮೈದಾನವಲ್ಲ. ಸಕಾರಣವಾಗಿ ಸರ್ಕಾರವು ಕೆಲವರನ್ನು ಹೊರಗಿಡಬಹುದು. ಆದರೆ ಅವರ ಅಭಿಪ್ರಾಯ ತನಗೆ ಹಿಡಿಸದೆಂಬ ಕಾರಣಕ್ಕಾಗಿ ಹೊರಗಿಡಕೂಡದು. ಹಾಗೆ ಆಗಿದೆಯೇ ಎಂದು ನೋಡಲು ಮೊಕದ್ದಮೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು. ಆಮೇಲೆ ಕಾಂಗ್ರೆಸ್ ಸಭೆಯೇ ನಡುವೆ ಪ್ರವೇಶಿಸಿ 1987ರಲ್ಲಿ ಅರ್ಹತೆಯ ನಿಯಮಗಳನ್ನು ಶಾಸನಕ್ಕೊಳಪಡಿಸಿತು.

2009ರಲ್ಲಿ ಈ ನಿಧಿಗೆ ಒಂದೇ ವರ್ಷದಲ್ಲಿ 28 ಕೋಟಿ ಡಾಲರಿಗೂ ಮೇಲ್ಪಟ್ಟು ಹಣ ಕೂಡಿತು. ಅಷ್ಟು ಅದು ಹಿಂದೆಂದೂ ಕೂಡಿರಲಿಲ್ಲ. ಅನಂತರ ಇಳಿಮುಖ. 2011ರಿಂದ ಮೂರು ವರ್ಷ ಸಂಬಳದ ಏರಿಕೆ ನಿಂತಿತು. 2013ರ ಅಕ್ಟೋಬರಿನಲ್ಲಿ, ಸರಿಯಾಗಿ ಸಂಗ್ರಹದ ಋತುವಿನಲ್ಲಿಯೇ, ಸರ್ಕಾರಿ ಕಚೇರಿಗಳು ಮುಚ್ಚಿದುವು. 2014ರಲ್ಲಿ ಬರೆದ ಹೊಸ ನಿಯಮಗಳು 2017ರ ಸಂಗ್ರಹದಿಂದ ಜಾರಿಗೆ ಬಂದಾಗ, ಊರೂರಿನಲ್ಲಿ ಸಂಗ್ರಹದ ಹಣವನ್ನು ನಿರ್ವಹಿಸುತ್ತಿದ್ದ ಸಂಸ್ಥೆಗಳು ಹೋಗಿ ಗಣಕಯಂತ್ರದ ಕೇಂದ್ರ ವ್ಯವಸ್ಥೆಯೊಂದು ಅವುಗಳ ಜಾಗಕ್ಕೆ ಬಂದಿತು. ಆ ವರ್ಷ ಕೂಡಿದ ಮೊತ್ತ ಸುಮಾರು 10 ಕೋಟಿ ಡಾಲರು. ಗುಟ್ಟು ಹೆಚ್ಚು ಭದ್ರವಾಯಿತು, ನಿಜ. ಮೇಜಿನ ಬಳಿಗೆ ಬಂದು ನಗುತ್ತ ಚೀಟಿ ಚಾಚುತ್ತಿದ್ದ ಗೆಳೆಯನು ಮಾತ್ರ ಹಿಂದೆ ಸರಿದನು. ದಾಕ್ಷಿಣ್ಯವೂ ಒಂದು ಬಗೆಯ ಒತ್ತಾಯವೆನ್ನುವವರುಂಟು. ನಾನು ಅಷ್ಟು ದೂರ ಹೋಗಲಾರೆ. ಕೇಳದೆ ಕೊಡುವವರು ಯಾವ ದೇಶದಲ್ಲಿಯೂ ವಿರಳ. ಆ 2017ರ ಸಂಗ್ರಹದಿಂದಲೇ ನಿವೃತ್ತರಾದವರೂ ತಮ್ಮ ಪಿಂಚಣಿಯಿಂದ ಕೊಡಬಹುದೆಂದಾಯಿತು. ಹಣದ ಬದಲು ಇಷ್ಟು ಗಂಟೆ ಸೇವೆ ಮಾಡುವೆನೆಂದು ಚೀಟಿಯಲ್ಲಿ ಬರೆದುಕೊಡಲೂ ಅವಕಾಶವಾಯಿತು.